4294967297 ಅವಿಭಾಜ್ಯವೇ, ಸಂಯುಕ್ತವೇ?

ಪ್ರಶ್ನೆ:
2ರ 32ನೆಯ ಘಾತಕ್ಕೆ 1 ಕೂಡಿಸಿದರೆ 4294967297 ಬರುತ್ತದೆ. 2ರ 1, 2, 4, 8, 16ನೆಯ ಘಾತಗಳಿಗೆ, ಹೀಗೆ ಘಾತವನ್ನು ಇಮ್ಮಡಿಸುತ್ತಾ, 1 ಕೂಡಿಸಿದರೆ ಬರುವ ಇದೇ ಸರಣಿಯ ಹಿಂದಿನ ಪದಗಳಾದ 3, 5, 17, 257 ಮತ್ತು 65537 ಅವಿಭಾಜ್ಯಗಳು. ಇದನ್ನು 500ರೊಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಿದೆ. ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗಲಿಲ್ಲ. ವರ್ಗಮೂಲ 65536ಕ್ಕಿಂತ ತುಸು ಹೆಚ್ಚಾಗಿರುವುದರಿಂದ ಅಲ್ಲಿಯವರೆಗೆ ಕೈಲೆಕ್ಕ ಮಾಡುವುದು ಅಸಾಧ್ಯ. ಬೇರೆ ದಾರಿ ಇದೆಯೇ?

ಉತ್ತರ 1:
ಇನ್ನು ಸ್ವಲ್ಪ ಮುಂದೆ ಹೋಗಿದ್ದರೆ 641 ಸಿಗುತ್ತಿತ್ತು. ಈ ಸರಣಿಯ ಸಂಖ್ಯೆಗಳೆಲ್ಲ ಅವಿಭಾಜ್ಯಗಳೆಂದು ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಈ ಸಂಖ್ಯೆಯು 641 ಮತ್ತು 6700417ರ ಗುಣಲಬ್ಧವೆಂದು ತೋರಿಸಿದರು. ಅವಿಭಾಜ್ಯ 'ಪ' ಇದನ್ನು ಭಾಗಿಸುವುದಾದರೆ, 2ರ 32ನೆಯ ಘಾತವನ್ನು 'ಪ'ದಿಂದ ಭಾಗಿಸಿದಾಗ ಶೇಷ −1 ಆಗಬೇಕು, 64ನೆಯ ಘಾತದಲ್ಲಿ ಮೊದಲ ಬಾರಿಗೆ 1 ಬರಬೇಕು. 2ರ (ಪ−1)ನೆಯ ಘಾತದ ಶೇಷವೂ 1 ಆಗುವುದರಿಂದ ಪ−1 ಎಂಬುದು 64ರ ಗುಣಕವಾಗಿರಲೇಬೇಕು. ಅಂತಹ ಅವಿಭಾಜ್ಯಗಳು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಕೆಲಸ ಮುಗಿಯುತ್ತದೆ.

ಉತ್ತರ 2:
ಭಾಗಾಕಾರವನ್ನೇ ಮಾಡದೆಯೂ ಇದನ್ನು ಸಾಧಿಸಬಹುದು. ನನಗೆ ಹೆಚ್ಚು ಮೆಚ್ಚಿಕೆಯಾದ ದಾರಿಯೂ ಇದೇ. 641 ಎಂಬುದು 5×128+1 ಹೌದು, 625+16 ಕೂಡ ಹೌದು. ಮೊದಲನೆಯದರ ಪ್ರಕಾರ 5×128ನ್ನು 641ರಿಂದ ಭಾಗಿಸಿದಾಗ ಶೇಷ −1; ಅದರ ನಾಲ್ಕನೆಯ ಘಾತದ, ಅಂದರೆ 625 ಮತ್ತು 2ರ 28ನೆಯ ಘಾತದ ಗುಣಲಬ್ಧದ, ಶೇಷ 1. ಎರಡನೆಯದರ ಪ್ರಕಾರ 625ರ ಬದಲು −16 ಇಡಬಹುದು. 16 ಎಂದರೆ 2ರ 4ನೆಯ ಘಾತ. ಹಾಗೆ ಇಟ್ಟರೆ 2ರ 32ನೆಯ ಘಾತದ ಶೇಷ −1 ಎಂದಾಗುತ್ತದೆ, ಅದಕ್ಕೆ 1 ಕೂಡಿಸಿದರೆ ಸೊನ್ನೆ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಆದರೆ 2ನ್ನು ಆಧಾರವಾಗಿಟ್ಟ ಫರ್ಮಾ ಪರೀಕ್ಷೆಯಲ್ಲಿ (ಸಂಖ್ಯೆಗಿಂತ 1 ಕಡಿಮೆಯಿರುವ ಘಾತಕ್ಕೆ ಆಧಾರವನ್ನು ಏರಿಸಿ, ಅದೇ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬರುತ್ತದೆಯೇ ಎಂದು ನೋಡುವುದು; ಅವಿಭಾಜ್ಯವಾದರೆ ಬರಲೇಬೇಕು) ಈ ಸಂಖ್ಯೆ ತೇರ್ಗಡೆಯಾಗುತ್ತದೆ. ಅದು ಹೇಗೆ? ಮತ್ತು 6700417 ಅವಿಭಾಜ್ಯವೆಂದು ತಿಳಿಯುವುದು ಹೇಗೆ?

ಉತ್ತರ 3:
ಈ ಸರಣಿಯ ಪ್ರತಿಯೊಂದು ಸಂಖ್ಯೆಯೂ, ಸಂಯುಕ್ತವಾಗಿದ್ದರೂ, ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಆದ್ದರಿಂದ ಇಲ್ಲಿ 2 ನಿರುಪಯೋಗಿ. 3ನ್ನು ಆಧಾರವಾಗಿಟ್ಟರೆ ಗುಟ್ಟು ರಟ್ಟಾಗುತ್ತದೆ. ಇನ್ನು 6700417ರ ಅವಿಭಾಜ್ಯ ಅಪವರ್ತನಗಳೂ ಮೂಲ ಸಂಖ್ಯೆಯ ಅಪವರ್ತನಗಳೇ ಆಗಿರುವುದರಿಂದ ಅವುಗಳಿಗೂ ಮೇಲಿನ ನಿರ್ಬಂಧ ಅನ್ವಯಿಸುತ್ತದೆ. ಅದನ್ನು ಇನ್ನಷ್ಟು ಬಿಗಿಗೊಳಿಸಿ, 1 ಕಳೆದರೆ 128ರ ಗುಣಕವಾಗುವ ಸಂಖ್ಯೆಗಳನ್ನಷ್ಟೇ ನೋಡಿದರೆ ಸಾಕು. ವರ್ಗಮೂಲವಾದ ಸುಮಾರು 2588ರವರೆಗೆ ಅಂತಹ ಅವಿಭಾಜ್ಯಗಳು 257, 641, 769, 1153, 1409 ಮಾತ್ರ. 257 ಇದೇ ಸರಣಿಯದು, ಸರಣಿಯ ಯಾವ ಎರಡು ಸಂಖ್ಯೆಗಳಿಗೂ ಸಾಮಾನ್ಯ ಅಪವರ್ತನವಿಲ್ಲ. ಹಾಗಾಗಿ ಅದನ್ನು ಬಿಡಬಹುದು. ಉಳಿದ ನಾಲ್ಕರಿಂದ ಭಾಗಿಸಿದಾಗ ಬರುವ ಶೇಷಗಳು ಕ್ರಮವಾಗಿ 44, 120, 334 ಮತ್ತು 622. ಯಾವುದೂ ಸೊನ್ನೆಯಲ್ಲ, ಆದ್ದರಿಂದ 6700417 ಅವಿಭಾಜ್ಯ.