ಸಹಾಯ ಬೇಕು: ಅಮ್ಮನನ್ನು ಸ್ಕೆಲಿಗ್ ಮೈಕಲ್‌ಗೆ ಕರೆದೊಯ್ಯಬಹುದಾ?

ಎಲ್ಲರಿಗೂ ನಮಸ್ಕಾರ. ನಾವು ಡಬ್ಲಿನ್‌ನಲ್ಲಿದ್ದೇವೆ. ಜೂನ್‌ನಲ್ಲಿ ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ಹಕ್ಕಿ ಅಂದರೆ ಅವರಿಗೆ ಪ್ರಾಣ, ಮಳೆಗಾಲದಲ್ಲಿ ಮಂಡಗದ್ದೆಗೆ ಹೋಗದೆ ಇರುವವರಲ್ಲ. ಐರ್ಲೆಂಡಿನ ಕೆರಿ ಕರಾವಳಿಯಿಂದ ಸುಮಾರು 12 ಕಿ.ಮೀ. ದೂರದ ಸ್ಕೆಲಿಗ್ ಮೈಕಲ್ ದ್ವೀಪ ತೋರಿಸುವ ಆಸೆ. ಆಗಸ್ಟ್ ಹೊತ್ತಿಗೆ ಅಲ್ಲಿನ ಪಫಿನ್ ಎಂಬ ಕಡಲಹಕ್ಕಿಗಳು ಕಡಲಿಗೆ ಹೊರಟುಬಿಡುತ್ತವೆ, ಅದಕ್ಕೇ ಜೂನ್.

ದ್ವೀಪದ ಮೇಲೆ ಸಾವಿರ ವರ್ಷಕ್ಕೂ ಹಿಂದೆ ಸನ್ಯಾಸಿಗಳು ಕಟ್ಟಿದ ಜೇನುಗೂಡಿನಂಥ ಕಲ್ಲಿನ ಗುಡಿಸಲುಗಳಿವೆ. ಗಾರೆಯೇ ಇಲ್ಲ, ಬರೀ ಕಲ್ಲು ಜೋಡಿಸಿದ್ದು. ಇನ್ನೂ ನಿಂತಿವೆ! ಆದರೆ ಅಲ್ಲಿಗೆ ಹೋಗಲು 600ಕ್ಕೂ ಜಾಸ್ತಿ ಕಡಿದಾದ ಮೆಟ್ಟಿಲು. ಅಮ್ಮನಿಗೆ 63, ಮಂಡಿನೋವು ಬೇರೆ.

ಹಿರಿಯರನ್ನು ಕರೆದುಕೊಂಡು ಹತ್ತಿದವರು ಇದ್ದೀರಾ? ಕೆಳಗಿಳಿಯದೆ ದೋಣಿಯಲ್ಲೇ ಸುತ್ತು ಹಾಕಿದರೆ ಪಫಿನ್ ಚೆನ್ನಾಗಿ ಕಾಣುತ್ತವಾ? ಪೋರ್ಟ್‌ಮಗೀಯಿಂದ ದೋಣಿ ಬುಕ್ ಮಾಡಬೇಕು, ದಯವಿಟ್ಟು ಬೇಗ ತಿಳಿಸಿ.