ಬಿಸಿಲಿನಿಂದ ಕರೆಂಟ್ ‘ತೆಗೆಯುವುದು’ ತಪ್ಪೇ?

ಗದಗಿನಿಂದ ಬರೆಯುತ್ತಿದ್ದೇನೆ. ಎಂಟನೇ ಕ್ಲಾಸಿನ ನನ್ನ ಮಗಳು ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಒಂದು ಪುಟ ಬರೆದಳು. ಮೊದಲ ಸಾಲು: ‘ಇಲ್ಲಿ ಬಿಸಿಲಿನಿಂದ ಕರೆಂಟ್ ತೆಗೆಯುತ್ತಾರೆ.’ ಶಾಲೆಯಲ್ಲಿ ಅದನ್ನು ‘ಸೌರಶಾಖದಿಂದ ವಿದ್ಯುಚ್ಛಕ್ತಿಯನ್ನು ಉತ್ಪಾದಿಸಲಾಗುತ್ತದೆ’ ಎಂದು ತಿದ್ದಿದ್ದಾರೆ. ಇದು ಭಾಷೆಯನ್ನು ತಿದ್ದಲು ಹೋಗಿ ವಿಜ್ಞಾನ ಕೆಡಿಸಿದ ಹಾಗಾಯಿತು, ಅಲ್ವಾ?

ಸೋಲಾರ್ ಪ್ಲೇಟಿಗೆ ಬೇಕಾದದ್ದು ಬೆಳಕು. ಬೆಳಕು ಬಿದ್ದಾಗ ಸಿಲಿಕಾನ್‌ನಲ್ಲಿರುವ ಎಲೆಕ್ಟ್ರಾನುಗಳು ಸಡಿಲಾಗಿ ಒಂದೇ ದಿಕ್ಕಿಗೆ ಹರಿಯುತ್ತವೆ. ಅದು ಡಿಸಿ. ಇನ್ವರ್ಟರ್ ಅದನ್ನು ಎಸಿ (ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್) ಮಾಡಿ ಮುಂದೆ ಕಳಿಸುತ್ತದೆ. ಶಾಖ ಇಲ್ಲಿ ಉಪಕಾರಿ ಅಲ್ಲ, ಉಪದ್ರವ. ಪ್ಲೇಟಿನ ಮೇಲೆ ಬರೆದ ವಾಟ್ ಲೆಕ್ಕ 25 ಡಿಗ್ರಿಯಲ್ಲಿ ಅಳೆದದ್ದು. ಪ್ಲೇಟ್ ಅದಕ್ಕಿಂತ ಜಾಸ್ತಿ ಕಾದಷ್ಟೂ ಕರೆಂಟ್ ಕಡಿಮೆ. ಶಾಖದಿಂದ ನಡೆಯುವುದು ಮಾಳಿಗೆ ಮೇಲಿನ ನೀರು ಕಾಯಿಸುವ ಸೋಲಾರು, ಅದೇ ಬೇರೆ.

ಹಾಗಂತ ‘ಬಿಸಿಲು’ ಪೂರ್ತಿ ನಿರಪರಾಧಿಯೂ ಅಲ್ಲ. ಅದರೊಳಗೇ ‘ಬಿಸಿ’ ಕೂತಿದೆ. ಸಂಡಿಗೆ ಒಣಗುವುದು, ತಲೆ ಸುಡುವುದು ಬಿಸಿಲಿಗೇ. ಆದರೆ ಬೆಳಕಿಂಡಿಯಿಂದ ಅಡುಗೆಮನೆಗೆ ಇಳಿಯುವ ‘ಬಿಸಿಲುಕೋಲು’ ಬರೀ ಬೆಳಕು. ಅಂದರೆ ಈ ಪದದಲ್ಲಿ ಎರಡೂ ಅರ್ಥ ಇವೆ. ‘ಶಾಖ’ಕ್ಕೆ ಆ ಅನುಕೂಲ ಇಲ್ಲ. ಮಗಳ ಪದವೇ ವಾಸಿ ಅಂತ ನನಗನಿಸುತ್ತದೆ.

ಇನ್ನು ‘ತೆಗೆಯುವುದು’. ನಮ್ಮ ಕಡೆ ಗುಡ್ಡದ ಮೇಲಿನ ಗಾಳಿ ಫ್ಯಾನು ತೋರಿಸಿ ‘ಗಾಳಿಯಿಂದ ಕರೆಂಟ್ ತಗೀತಾರ’ ಅಂತಲೇ ಹೇಳುವುದು. ನಮ್ಮ ಮನೆಯವರ ತಕರಾರು ಏನೆಂದರೆ, ಶೇಂಗಾದಲ್ಲಿ ಎಣ್ಣೆ ಇರುತ್ತದೆ, ಹಾಗಾಗಿ ತೆಗೆಯಬಹುದು. ಬಿಸಿಲಲ್ಲಿ ಕರೆಂಟ್ ಎಲ್ಲಿದೆ? ನಾನಂದೆ, ಹೊಲದಲ್ಲಿ ಜೋಳ ಮೊದಲೇ ಇರುತ್ತದೆಯೇ? ಆದರೂ ‘ಬೆಳೆ ತೆಗೆದ’ ಅನ್ನುವುದಿಲ್ಲವೇ?

ಪಾವಗಡಕ್ಕಂತೂ ಈ ಮಾತು ಚೆನ್ನಾಗಿ ಹೊಂದುತ್ತದೆ. ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವಾಟ್. ಆ ಹೊಲಗಳನ್ನು ರೈತರು ಮಾರಿಲ್ಲ, ವರ್ಷಕ್ಕಿಷ್ಟು ಅಂತ ಗುತ್ತಿಗೆಗೆ ಕೊಟ್ಟಿದ್ದಾರೆ. ನಮ್ಮ ಭಾಷೆಯಲ್ಲಿ ‘ಲಾವಣಿಗೆ ಹಾಕಿದ್ದಾರೆ’. ಲಾವಣಿ ಹೊಲದಲ್ಲಿ ಬೆಳೆ ತೆಗೆಯುವುದೇ ಅಲ್ವಾ ಪದ್ಧತಿ!

ಬರಹದ ಕನ್ನಡದಲ್ಲಿ ‘ಕರೆಂಟ್ ತೆಗೆ’ ಒಪ್ಪುತ್ತದೆಯೇ? ಹಾವೇರಿ, ಧಾರವಾಡದ ಕಡೆ ಇದಕ್ಕೆ ಬೇರೆ ಕ್ರಿಯಾಪದ ಬಳಸುತ್ತೀರಾ? ಸೋಮವಾರ ಹಾಳೆ ವಾಪಸ್ ಕೊಡಬೇಕು.