ಎಂಡ್ ಪ್ಲೇಟ್ ಬೀಮ್‌ಗಳ ಸಾಲು: ಕೊನೆಯ ಕಂಬ 27 ಮಿ.ಮೀ. ಹೊರಕ್ಕೆ ವಾಲಿದೆ, ಗ್ಯಾಸ್ ಕಟಿಂಗ್ ಮಾಡಬಹುದೇ?

ಗ್ರಿಡ್_ಒಂಬತ್ತು:

ಎಂಟು ಅಂತಸ್ತಿನ ಸ್ಟೀಲ್ ಕಟ್ಟಡ. ಉದ್ದದ ದಿಕ್ಕಿನಲ್ಲಿ 7.5 ಮೀಟರಿನ 8 ಅಂಕಣ (ಎರಡು ಕಂಬಗಳ ನಡುವಿನ ಜಾಗ), ಅಂದರೆ 1ರಿಂದ 9ರವರೆಗೆ ಒಂಬತ್ತು ಕಂಬ, ಒಟ್ಟು 60 ಮೀ. ಅಂತಸ್ತಿನ ಎತ್ತರ 4 ಮೀ. ಬೀಮ್‌ಗಳ ಎರಡೂ ತುದಿಗೆ ಎಂಡ್ ಪ್ಲೇಟ್ (ತುದಿಗೆ ಅಡ್ಡಲಾಗಿ ಕೂರಿಸುವ ತೂತಿನ ತಗಡು) ಬೆಸುಗೆ, ಕಂಬದ ಫ್ಲ್ಯಾಂಜ್‌ಗೆ (ಅಗಲದ ಚಪ್ಪಟೆ ಮುಖ) ಎಂ20, ಅಂದರೆ 20 ಮಿ.ಮೀ. ವ್ಯಾಸದ, 8.8 ಗ್ರೇಡ್ ಬೋಲ್ಟ್, ತೂತು 22 ಮಿ.ಮೀ. ಬ್ರೇಸಿಂಗ್ (ಕಟ್ಟಡ ವಾಲದಂತೆ ಹಿಡಿಯುವ ಓರೆ ಪಟ್ಟಿ, ಅಂದರೆ ಬ್ರೇಸ್) ಇರುವುದು 4–5ರ ಅಂಕಣದಲ್ಲಿ ಮಾತ್ರ. ಇರೆಕ್ಷನ್ (ಕಂಬ, ಬೀಮ್ ಎತ್ತಿ ನಿಲ್ಲಿಸುವ ಕೆಲಸ) ಶುರುವಾದದ್ದು 1ನೇ ಕಂಬದಿಂದ. 1ರಿಂದ 4ರವರೆಗಿನ ಬೋಲ್ಟ್‌ಗಳನ್ನು ಪೂರ್ತಿ ಬಿಗಿ ಮಾಡಿದ್ದಾರೆ, ಉಳಿದವು ಕೈಬಿಗಿ.

ಬುಡದಲ್ಲಿ ಎಲ್ಲ ಕಂಬಗಳೂ ಗ್ರಿಡ್‌ನಿಂದ (ನಕ್ಷೆಯಲ್ಲಿ ಕಂಬ ನಿಲ್ಲಬೇಕಾದ ಗೆರೆ) 3 ಮಿ.ಮೀ. ಒಳಗೇ ಇವೆ. ಆದರೆ ಮೊದಲ ಅಂತಸ್ತಿನ ಮಟ್ಟದಲ್ಲಿ 9ನೇ ಕಂಬ 27 ಮಿ.ಮೀ. ಹೊರಕ್ಕಿದೆ (ಟೋಟಲ್ ಸ್ಟೇಷನ್ ಎಂಬ ಸರ್ವೆ ಉಪಕರಣದಿಂದ, ಮಧ್ಯಾಹ್ನದ ಅಳತೆ). 4–5ರ ಬ್ರೇಸ್‌ನ ತೂತು ಗಸೆಟ್ ಪ್ಲೇಟ್‌ನ (ಬ್ರೇಸನ್ನು ಕಂಬಕ್ಕೆ ಕೂಡಿಸುವ ತಗಡು) ತೂತಿಗೆ 12 ಮಿ.ಮೀ. ಕೂಡುತ್ತಿಲ್ಲ. ಗಸೆಟ್‌ನ ತೂತನ್ನು ಗ್ಯಾಸ್‌ನಲ್ಲಿ ಉದ್ದ ಮಾಡಿ, ಕೊನೆಯ ಬೀಮನ್ನು ಕತ್ತರಿಸೋಣ ಎನ್ನುತ್ತಿದ್ದಾರೆ ಫೋರ್‌ಮನ್. ಡ್ರಾಯಿಂಗ್ ಪ್ರಕಾರ ಬೀಮ್‌ಗಳ ಉದ್ದ ಸರಿಯಿದೆ. ತಪ್ಪು ಎಲ್ಲಿದೆ?

ಇರೆಕ್ಷನ್_ಲೈನ್:

ಗ್ಯಾಸ್ ಟಾರ್ಚ್ ಮೊದಲು ಪಕ್ಕಕ್ಕಿಡಿಸಿ. ಬ್ರೇಸ್ ಕೂಡುತ್ತಿಲ್ಲ ಎಂದರೆ ಬ್ರೇಸ್ ತಪ್ಪು ಎಂದಲ್ಲ, ಕಂಬ ವಾಲಿದೆ ಎಂದು ಅದೇ ಹೇಳುತ್ತಿದೆ. ಕಂಬ ನೆಟ್ಟಗಾದ ದಿನ ಆ ತೂತು ತಾನೇ ಕೂಡುತ್ತದೆ. ಈಗ ತೂತು ಉದ್ದ ಮಾಡಿದರೆ ವಾಲಿದ ಸ್ಥಿತಿಯಲ್ಲೇ ಕಟ್ಟಡವನ್ನು ಕಟ್ಟಿಹಾಕಿದಂತೆ. ಅದಲ್ಲದೆ ಗ್ಯಾಸ್‌ನಲ್ಲಿ ಕೊರೆದ ತೂತಿನ ಅಂಚು ಗಡುಸಾಗಿ, ಕಚ್ಚುಕಚ್ಚಾಗಿ ಉಳಿಯುತ್ತದೆ. ಬಿರುಕು ಹುಟ್ಟುವುದು ಅಂಥ ಕಚ್ಚಿನಿಂದಲೇ.

ಮಧ್ಯಾಹ್ನದ ಅಳತೆಯನ್ನು ನಂಬಬೇಡಿ. ಸ್ಟೀಲ್ ಪ್ರತಿ ಡಿಗ್ರಿಗೆ ಪ್ರತಿ ಮೀಟರಿಗೆ 0.012 ಮಿ.ಮೀ. ಹಿಗ್ಗುತ್ತದೆ. 60 ಮೀಟರಿಗೆ 10 ಡಿಗ್ರಿ ಏರಿದರೆ 7.2 ಮಿ.ಮೀ. ಬುಡ ಕಾಂಕ್ರೀಟಿನಲ್ಲಿದೆ, ಬಿಸಿಲಿಗೆ ಹಿಗ್ಗುವುದು ಮೇಲಿನ ಬೀಮ್ ಸಾಲು. 1ನೇ ಕಂಬದ ಕಡೆ ಎಲ್ಲ ಬಿಗಿಯಾಗಿರುವುದರಿಂದ ಆ ಹಿಗ್ಗೆಲ್ಲ 9ರ ಕಡೆಗೇ ತಳ್ಳುತ್ತದೆ. ಬಿಸಿಲೇರುವ ಮುಂಚೆ 1ರಿಂದ 9ರವರೆಗೆ ಪ್ರತಿ ಕಂಬವನ್ನೂ ಅಳೆದು ಹಾಕಿ, ಬರೀ ಕೊನೆಯದನ್ನಲ್ಲ. ಬೇಸ್ ಪ್ಲೇಟ್ (ಕಂಬದ ಬುಡದ ತಗಡು) ಕೆಳಗೆ ಗ್ರೌಟ್ (ಸಂದು ತುಂಬುವ ಗಾರೆ) ಹಾಕಿ ಆಗಿದೆಯೇ? ಬೀಮ್ ತುದಿಯ ಪ್ಲೇಟ್‌ಗೂ ಕಂಬದ ಮುಖಕ್ಕೂ ಪ್ರೈಮರ್ ಬಳಿದಿದ್ದಾರೆಯೇ?

ಗ್ರಿಡ್_ಒಂಬತ್ತು:

ಬೆಳಗಿನ ಜಾವದ ಅಳತೆ, ಎಲ್ಲವೂ 9ರ ದಿಕ್ಕಿಗೆ: 3ನೇ ಕಂಬ 5, 5ನೇದು 9.5, 7ನೇದು 14, 9ನೇದು 19 ಮಿ.ಮೀ. ಬ್ರೇಸ್ ತೂತಿನ ವ್ಯತ್ಯಾಸ 8ಕ್ಕೆ ಇಳಿದಿದೆ. ಗ್ರೌಟ್ ಹಾಕಿಲ್ಲ, ಪ್ಯಾಕಿಂಗ್ ಪ್ಲೇಟ್ ಮೇಲೆ ನಿಂತಿವೆ. ಎರಡೂ ಮುಖಗಳಿಗೆ ಸುಮಾರು 75 ಮೈಕ್ರಾನ್ ಪ್ರೈಮರ್ ಇದೆ. ಜೋಡಣೆಗಳು ಸಾಮಾನ್ಯ ಬೇರಿಂಗ್ ಬಗೆಯವು (ಬೋಲ್ಟ್ ತೂತಿನ ಅಂಚಿಗೆ ಒತ್ತಿ ಭಾರ ಹೊರುವಂಥವು).

ಡೀಟೇಲಿಂಗ್_ಟೇಬಲ್:

ಈ ಅಳತೆ ಎಲ್ಲ ಹೇಳುತ್ತದೆ. ಅಂಕಣಕ್ಕೆ 2.4 ಮಿ.ಮೀ.ನಂತೆ ಒಂದೇ ಸಮನೆ ಬೆಳೆದಿದೆ, ಎಲ್ಲೂ ದಿಢೀರ್ ಜಿಗಿತವಿಲ್ಲ. ಯಾವುದೋ ಒಂದು ಬೀಮ್ ಉದ್ದವಾಗಿದ್ದರೆ ಆ ಜಾಗದಲ್ಲಿ ಜಿಗಿತ ಕಾಣಬೇಕಿತ್ತು. ಇಲ್ಲಿ ಪ್ರತಿ ಜೋಡಣೆಯೂ ಚೂರುಚೂರು ಸೇರಿಸಿದೆ. ಅಂಕಣಕ್ಕೆ ಪ್ರೈಮರ್ ಬಳಿದ ಮುಖ ನಾಲ್ಕು, ಅಂದರೆ 0.3 ಮಿ.ಮೀ. ಬೆಸುಗೆಯ ಸೆಳೆತಕ್ಕೆ ಎಂಡ್ ಪ್ಲೇಟ್ ಬಾಗುತ್ತದೆ, ಕಂಬಕ್ಕೆ ಪೂರ್ತಿ ಅಂಟಿ ಕೂರುವುದಿಲ್ಲ. ತುದಿಗೆ ಅರ್ಧ ಮಿ.ಮೀ. ಹಿಡಿದರೂ ಅಂಕಣಕ್ಕೆ ಒಂದು. ಮಿಕ್ಕದ್ದು ಕಂಬದ ಸೆಕ್ಷನ್ ಆಳದಲ್ಲಿರಬಹುದು, ರೋಲಿಂಗ್‌ನಲ್ಲಿ ಒಂದೆರಡು ಮಿ.ಮೀ. ಹೆಚ್ಚುಕಡಿಮೆ ಬರುವುದು ಮಾಮೂಲು. ಕ್ಯಾಲಿಪರ್ ಹಿಡಿದು ನಾಲ್ಕೈದು ಕಂಬ ನೋಡಿ.

ಬ್ರೇಸ್‌ನ 8 ಮಿ.ಮೀ. ಕೂಡ ಲೆಕ್ಕಕ್ಕೆ ಸಿಗುತ್ತದೆ. 4ರ ಬುಡದಿಂದ 5ರ ತಲೆಗೆ ಹೋಗುವ ಬ್ರೇಸ್‌ನ ಉದ್ದ 8.5 ಮೀ. 5ನೇ ಕಂಬದ ತಲೆ 9.5 ಸರಿದರೆ ಬ್ರೇಸ್‌ನ ದಿಕ್ಕಿನಲ್ಲಿ 9.5 × 7.5 ÷ 8.5, ಅಂದರೆ 8.4. ಬ್ರೇಸ್ ಸರಿಯಾಗಿಯೇ ತಯಾರಾಗಿದೆ.

ತಪ್ಪು ಡ್ರಾಯಿಂಗ್‌ನದೂ ಹೌದು. ಕಂಬದ ಮುಖದಿಂದ ಮುಖಕ್ಕೆ ಎಷ್ಟಿದೆಯೋ ಅಷ್ಟೇ ಬೀಮ್‌ನ ಉದ್ದ ಎಂದು ಮಾಡೆಲ್‌ನಲ್ಲಿ ಕೂರಿಸಿದರೆ ಪರದೆಯ ಮೇಲೆ ಚೆಂದ ಕಾಣುತ್ತದೆ, ಸೈಟಿನಲ್ಲಿ ಇದೇ ಆಗುವುದು. ಮುಂದಿನ ಅಂತಸ್ತುಗಳಿಗೆ ಪ್ರತಿ ಬೀಮನ್ನೂ ಒಟ್ಟು 3 ಮಿ.ಮೀ. ಕಡಿಮೆ ಮಾಡಿಸಿ. ಜೊತೆಗೆ 1, 2, 3 ಮಿ.ಮೀ. ದಪ್ಪದ ಶಿಮ್‌ಗಳನ್ನು (ಸಂದು ತುಂಬುವ ತೆಳು ತಗಡು) ಬಾಯಿ ತೆರೆದ ಸೀಳುಗಳೊಂದಿಗೆ ಮಾಡಿಸಿ, ಬೋಲ್ಟ್ ಕಳಚದೆ ಮೇಲಿನಿಂದ ಇಳಿಬಿಡಬಹುದು. ಬೋಲ್ಟ್‌ನ ಉದ್ದದ ಪಟ್ಟಿಯಲ್ಲಿ ಶಿಮ್‌ನ ದಪ್ಪವನ್ನು ಸೇರಿಸಲು ಮರೆಯಬೇಡಿ. ಉದ್ದವಾಗಿದ್ದ ಬೀಮನ್ನು ಸೈಟಿನಲ್ಲಿ ಗಿಡ್ಡ ಮಾಡಲಾಗದು, ಗಿಡ್ಡವಿದ್ದರೆ ಶಿಮ್ ಹಾಕಿ ತುಂಬಬಹುದು.

ಇರೆಕ್ಷನ್_ಲೈನ್:

ಈಗ ನಿಂತಿರುವುದಕ್ಕೆ ದಾರಿ ಹೇಳುತ್ತೇನೆ. ವಾಲುವಿಕೆಗೆ ಸಾಮಾನ್ಯವಾಗಿ ಹಿಡಿಯುವ ಮಿತಿ ಎತ್ತರದ 500ರಲ್ಲಿ ಒಂದು ಭಾಗ. 4 ಮೀಟರಿಗೆ 8 ಮಿ.ಮೀ. ನಿಮ್ಮ ಗುತ್ತಿಗೆಯ ದಾಖಲೆಯಲ್ಲಿ ಬೇರೆ ಇದ್ದರೆ ಅದೇ ಮಾನ್ಯ.

ಕಂಬಗಳಿಗೆ ಎರಡೂ ದಿಕ್ಕಿನಲ್ಲಿ ಟರ್ನ್‌ಬಕಲ್ (ತಿರುಗಿಸಿ ಬಿಗಿ ಮಾಡುವ ಕೊಂಡಿ) ಇರುವ ತಂತಿ ಹಗ್ಗ ಕಟ್ಟಿದ ಮೇಲೆಯೇ ಬೋಲ್ಟ್ ಮುಟ್ಟಬೇಕು. ಆಮೇಲೆ ಎಲ್ಲ ಜೋಡಣೆ ಸಡಿಲಿಸಿ, ಆದರೆ ಯಾವ ಜೋಡಣೆಯಲ್ಲೂ ನಟ್ ಸಮೇತ ಎರಡು ಬೋಲ್ಟ್‌ಗಿಂತ ಕಡಿಮೆ ಆಗಕೂಡದು. ಮೊದಲು 4–5ರ ಅಂಕಣವನ್ನು ನೆಟ್ಟಗೆ ನಿಲ್ಲಿಸಿ, ಬ್ರೇಸ್ ಕೂಡಿಸಿ ಬಿಗಿ ಮಾಡಿ. ಇನ್ನು ಮುಂದೆ ಇದೇ ನಿಮ್ಮ ಆಧಾರ, ಅಲ್ಲಿಂದ ಎರಡೂ ಕಡೆಗೆ ಹೋಗಿ. 1ರಿಂದ ಹೊರಟಾಗ ಎಂಟು ಅಂಕಣದ ಬೆಳವಣಿಗೆ ಒಂದೇ ತುದಿಗೆ ಬಿತ್ತು. ಈಗ 5ರಿಂದ 9ಕ್ಕೆ ನಾಲ್ಕೇ ಅಂಕಣ, 9.6 ಮಿ.ಮೀ.

ಅದೂ 8ನ್ನು ದಾಟುತ್ತದೆ. ಆದ್ದರಿಂದ 5–6ರ ನಡುವಿನ ಬೀಮ್ ಒಂದನ್ನು 5 ಮಿ.ಮೀ. ಗಿಡ್ಡ ಮಾಡಿಸಿ. ಆಗ 6ನೇ ಕಂಬ 2.6 ಒಳಕ್ಕೆ, 7ನೇದು 0.2 ಒಳಕ್ಕೆ, 8ನೇದು 2.2 ಹೊರಕ್ಕೆ, 9ನೇದು 4.6 ಹೊರಕ್ಕೆ. ಕೊನೆಯ 8–9ರ ಬೀಮ್ ಕತ್ತರಿಸಿದರೆ 8ನೇ ಕಂಬ 7.2ರಲ್ಲೇ ಉಳಿಯುತ್ತದೆ, ಕತ್ತರಿಸಿದ್ದರ ಲಾಭ ಒಂದೇ ಕಂಬಕ್ಕೆ. ಇನ್ನೊಂದು ಕಡೆಯೂ, 4–5ರ ಬೀಮ್‌ನ 2.4 ಸೇರಿ, 5ರಿಂದ 1ಕ್ಕೆ ನಾಲ್ಕು ಅಂಕಣ, 9.6, ಅದೂ ಮಿತಿ ದಾಟುತ್ತದೆ, ಆದ್ದರಿಂದ 3–4ರ ಬೀಮನ್ನು 3–4 ಮಿ.ಮೀ. ಕಡಿಮೆ ಮಾಡಿಸಿ, ಮೇಲಿನ ಅಂತಸ್ತುಗಳಿಗೆ ಜಾಗ ಉಳಿಯುತ್ತದೆ.

ಗಿಡ್ಡ ಮಾಡುವ ಕೆಲಸ ವರ್ಕ್‌ಶಾಪಿನಲ್ಲೇ ಆಗಲಿ: ಗರಗಸದಲ್ಲಿ ತುದಿ ಕತ್ತರಿಸಿ, ಹೊಸ ಎಂಡ್ ಪ್ಲೇಟ್ ಬೆಸುಗೆ ಹಾಕಿ, ಬೆಸುಗೆಯ ತಪಾಸಣೆ ಮುಗಿಸಿ ಕಳಿಸಲಿ. ತೂತಿನ ಎತ್ತರವನ್ನು ಮೇಲಿನ ಫ್ಲ್ಯಾಂಜ್‌ನಿಂದಲೇ ಅಳೆಯಲು ಹೇಳಿ. ಆ ಬೀಮ್ ಇಳಿಸಿದಾಗ 6ರಿಂದಾಚೆಯ ಸಾಲಿಗೆ ಆಧಾರ ತಪ್ಪುತ್ತದೆ, ಹಗ್ಗಗಳೇ ಹಿಡಿದಿರಬೇಕು. ಒಂದು ಸಾಲು ಮುಗಿಯದೆ ಪಕ್ಕದ ಸಾಲಿಗೆ ಕೈ ಹಾಕಬೇಡಿ. ಗ್ರೌಟ್ ಇದೆಲ್ಲ ಮುಗಿದ ಮೇಲೆ. ವಿನ್ಯಾಸಕಾರರ ಲಿಖಿತ ಒಪ್ಪಿಗೆಯೂ ಬೇಕು, ಇದು ನಾವು ನೀವು ತೀರ್ಮಾನಿಸುವ ವಿಷಯವಲ್ಲ.

ಬೋಲ್ಟ್_ಬಿಗಿತ:

ಒಂದು ಮಾತು ಸೇರಿಸಬೇಕು. 1–4ರಲ್ಲಿ ಪೂರ್ತಿ ಬಿಗಿ ಮಾಡಿದ ಬೋಲ್ಟ್‌ಗಳನ್ನು ಈಗ ಸಡಿಲಿಸುತ್ತೀರಿ. ಎಳೆತ ಕೊಟ್ಟು ಬಿಗಿದವಾಗಿದ್ದರೆ ಅವನ್ನು ಮತ್ತೆ ಬಳಸದೆ ಹೊಸದು ಹಾಕಿ, ಬೋಲ್ಟ್‌ನ ಎಳೆಗಳು (ಥ್ರೆಡ್) ಒಮ್ಮೆ ಹಿಗ್ಗಿರುತ್ತವೆ. ಜೋಡಣೆ ಘರ್ಷಣೆಯ ಬಗೆಯದಾಗಿದ್ದರೆ (ಪ್ಲೇಟ್‌ಗಳ ನಡುವಿನ ಘರ್ಷಣೆಯೇ ಭಾರ ಹೊರುವಂಥದು) ಆ ಪ್ರೈಮರ್ ಕೂಡ ಇರುವಂತಿರಲಿಲ್ಲ.

ತೂತಿಗೆ ಹೊಡೆಯುವ ಡ್ರಿಫ್ಟ್ ಪಿನ್ ಇರುವುದು ಪ್ಲೇಟ್‌ಗಳನ್ನು ನೇರಕ್ಕೆ ತರಲು, ತೂತು ಹಿಗ್ಗಿಸಲು ಅಲ್ಲ. ಒಂದೆರಡು ಮಿ.ಮೀ. ಉಳಿದರೆ ಒಪ್ಪಿಗೆ ಪಡೆದು ತೂತನ್ನು 24 ಮಿ.ಮೀ.ಗೆ ಹಿಗ್ಗಿಸಲು ರೀಮರ್ (ತೂತು ಕೆತ್ತಿ ನಯವಾಗಿ ಅಗಲಿಸುವ ಸಾಧನ) ಹಾಕಬಹುದು, ಗಟ್ಟಿ ವಾಷರ್ ಕಡ್ಡಾಯ.

ನಟ್ ತಿರುಗಿಸುವ ಲೆಕ್ಕದಲ್ಲಿ ಬಿಗಿ ಮಾಡುವುದಾದರೆ ಶಿಮ್ ಇರುವಲ್ಲಿ ಎಚ್ಚರ. ಬೋಲ್ಟ್‌ನ ಉದ್ದ ವ್ಯಾಸದ 4 ಪಟ್ಟಿನೊಳಗಿದ್ದರೆ ಪ್ಲೇಟ್‌ಗಳು ಕೂಡಿದ ಮೇಲೆ ಮೂರನೇ ಒಂದು ಸುತ್ತು, 4ರಿಂದ 8 ಪಟ್ಟಿದ್ದರೆ ಅರ್ಧ ಸುತ್ತು. ಎಂ20ಗೆ ಗಡಿ 80 ಮಿ.ಮೀ. ಶಿಮ್‌ಗಾಗಿ 75ರ ಬದಲು 85 ಹಾಕಿದ ಜಾಗದಲ್ಲಿ ಸುತ್ತೂ ಬದಲಾಗುತ್ತದೆ. ಅಂಥ ಜೋಡಣೆಗಳಿಗೆ ಬೇರೆ ಬಣ್ಣದ ಗುರುತು ಹಾಕಿಸಿ, ಇಲ್ಲದಿದ್ದರೆ ಬಿಗಿಯುವವರಿಗೆ ಮೇಲೆ ನಿಂತು ತಿಳಿಯುವುದಿಲ್ಲ.